ಡೆಲ್ಫಿಯಾ ಬಿತ್ತಿದ ಮೂರೆಲೆ

ಟೆನೆಸಿ ರಾಜ್ಯದ ಗಡಿಗೆ ಹತ್ತಿರದ ಬಕಾಯ್ ಕೊಳ್ಳದ ಕಾಗ್ಡಿಲ್ ಮನೆಗೆ ಸೊಸೆಯಾಗಿ ಬಂದ ಮೊದಲ ವಸಂತದಲ್ಲೇ ಡೆಲ್ಫಿಯಾ ಒಂದು ಕೆಲಸದಲ್ಲಿ ಅತ್ತೆಯನ್ನು ಮೀರಿಸಿದಳು. ಅದು ಕಾಡುಹೂವಿನ ಗಡ್ಡೆ ಕೀಳುವ ಕೆಲಸ. ಏಪ್ರಿಲ್ ತಿಂಗಳಲ್ಲಿ ಮರಗಳಿನ್ನೂ ಬೋಳಾಗಿದ್ದು ಬಿಸಿಲು ನೆಲದವರೆಗೂ ಇಳಿಯುವ ಕೆಲವು ವಾರಗಳಿರುತ್ತವೆ. ಆಗ ಕೊಳ್ಳದ ಹೆಂಗಸರೆಲ್ಲ ಗೋಣಿಚೀಲ ಹೆಗಲಿಗೇರಿಸಿ ಬೆಟ್ಟ ಹತ್ತುತ್ತಿದ್ದರು. ಮೂರು ಎಲೆಯ ನಡುವೆ ಮೂರು ಎಸಳಿನ ಬಿಳಿ ಹೂ ಬಿಡುವ ಮೂರೆಲೆ, ಬೇರು ಮುರಿದರೆ ಕೈಯೆಲ್ಲ ಕೆಂಪು ಮಾಡುವ ನೆತ್ತರುಬೇರು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ತರುತ್ತಿದ್ದರು. ಸೋಮವಾರ ಬೆಳಿಗ್ಗೆ ಸೇತುವೆ ಪಕ್ಕದ ಅಂಗಡಿಯ ಮುಂದೆ ಟೀಗ್ ಎಂಬ ವ್ಯಾಪಾರಿಯ ಲಾರಿ ಬಂದು ನಿಲ್ಲುತ್ತಿತ್ತು. ಚೀಲಗಳು ಲಾರಿ ಏರಿ, ದೂರದ ಪಟ್ಟಣಗಳ ನರ್ಸರಿಗಳಿಗೆ ಹೋಗುತ್ತಿದ್ದವು. ಆ ದುಡ್ಡಿನಲ್ಲಿ ಮಕ್ಕಳಿಗೆ ಬೂಟು ಬರುತ್ತಿತ್ತು, ಮನೆಗೆ ಸಕ್ಕರೆ ಕಾಫಿ ಬರುತ್ತಿತ್ತು.

ಅತ್ತೆ ಕೆಜಾಯ ಕಾಗ್ಡಿಲ್ ಮೂವತ್ತು ವಸಂತಗಳಿಂದ ಈ ಕೆಲಸ ಮಾಡಿದವಳು. ಸೊಸೆಯ ಚೀಲ ತನ್ನದಕ್ಕಿಂತ ಮೊದಲು ತುಂಬಿದ್ದನ್ನು ಕಂಡು ಅವಳು ಹುಬ್ಬು ಹಾರಿಸಿದ್ದಳು.

"ಕೈಯಲ್ಲಿ ಏನಿದೆಯೇ ನಿಂಗೆ, ಹೆಗ್ಗಣದ ಉಗುರಾ?"

"ನಿಮ್ಮ ಮಗ ಕೈ ಹಿಡ್ದಾಗ ನೋಡಿಯೇ ಹಿಡ್ದಿದ್ದು ಅತ್ತೆ," ಎಂದಿದ್ದಳು ಡೆಲ್ಫಿಯಾ. ಅಂದಿನಿಂದ ಅತ್ತೆ ಸೊಸೆಯರಿಗೆ ಒಬ್ಬರ ಮಾತು ಒಬ್ಬರಿಗೆ ಹಿಡಿಸಿತು. ಹಿಡಿಸಿತು ಎಂದರೆ ಜಗಳ ನಿಂತಿತು ಎಂದಲ್ಲ.

ಹೀಗೆ ನಾಲ್ಕೈದು ವರ್ಷ ಕಳೆದಿರಬೇಕು. ಒಂದು ವಸಂತ ಇಬ್ಬರೂ ಬೆಟ್ಟದ ಬಡಗಣ ಇಳಿಜಾರಿಗೆ ಹೋದರು. ಹಿಂದೆ ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮೂರೆಲೆ ಅರಳುತ್ತಿತ್ತು; ದೂರದಿಂದ ನೋಡಿದವರಿಗೆ ಹಿಮ ಕರಗದೆ ಉಳಿದಿದೆಯೇನೋ ಅನ್ನಿಸುತ್ತಿತ್ತು. ಈ ಸಲ ಅಲ್ಲಿ ಗುಂಡಿಗಳಿದ್ದವು, ಗುಂಡಿಗಳಲ್ಲಿ ಕಳೆದ ವರ್ಷದ ತರಗೆಲೆ ಕೊಳೆಯುತ್ತಿತ್ತು. ಬಂಡೆಯ ಸಂದಿಯಲ್ಲಿ ಗುದ್ದಲಿ ಇಳಿಯದ ಕಡೆ ಒಂದಷ್ಟು ಗಿಡ ಉಳಿದಿದ್ದವು, ಅಷ್ಟೇ. ಡೆಲ್ಫಿಯಾ ಸೊಂಟಕ್ಕೆ ಕೈಕೊಟ್ಟು ನಿಂತು ಮೇಲಿಂದ ಕೆಳಗಿನವರೆಗೆ ನೋಡಿದಳು. ಆ ಗುಂಡಿಗಳಲ್ಲಿ ಬಹುಪಾಲು ತಾನೇ ತೋಡಿದ್ದು.

"ಇಲ್ಲಿ ಮುಗೀತು ಕಣೆ. ಗುಡ್ಡದ ಆಚೆ ಮಗ್ಗುಲಿಗೆ ಹೋಗೋಣ," ಎಂದಳು ಕೆಜಾಯ.

"ಅಲ್ಲೂ ಮುಗಿದ ಮೇಲೆ?"

"ಅದರಾಚೆ."

"ಅದರಾಚೆ ಟೆನೆಸಿ ಬರುತ್ತೆ ಅತ್ತೆ."

"ಬರ್ಲಿ. ಟೆನೆಸಿಯವರ ಹೂವೇನು ಕಚ್ಚುತ್ತಾ?"

ಡೆಲ್ಫಿಯಾಗೆ ನಗು ಬಂತು. ಆದರೆ ಅವಳು ಚೀಲ ಬಿಚ್ಚಲಿಲ್ಲ. ಇಳಿದು ಬರುವಾಗ ದಾರಿಯಲ್ಲೇ ಹೇಳಿದಳು: "ನಾನು ಇದನ್ನ ಬಿತ್ತಿ ಬೆಳೀತೀನಿ."

ಕೆಜಾಯ ನಡೆಯುತ್ತಿದ್ದವಳು ನಿಂತೇಬಿಟ್ಟಳು. "ಬಿತ್ತೋಕೆ ಅದೇನು ಹುರುಳಿಕಾಯಾ? ದೇವರು ಬಿತ್ತಿದ್ದು ಅದು. ಅವನ ಕೆಲ್ಸಕ್ಕೆ ನೀನು ಅರ್ಜಿ ಹಾಕ್ಕೊಂಡ್ಯಾ?"

"ಅವನು ಬಿತ್ತಿದ್ದನ್ನೆಲ್ಲ ನಾವು ಕಿತ್ತಿದ್ದಾಯ್ತಲ್ಲ. ಇನ್ನು ಅವನು ಒಬ್ನೇ ಎಷ್ಟು ಅಂತ ಬಿತ್ತಾನು?"

ಕೊಳ್ಳದಲ್ಲಿ ಯಾರೂ ಅದುವರೆಗೆ ಕಾಡುಹೂವನ್ನು ಬಿತ್ತಿರಲಿಲ್ಲ. ಹೇಗೆಂದು ಕೇಳೋಣವೆಂದರೆ ಬಲ್ಲವರೂ ಇರಲಿಲ್ಲ. ಡೆಲ್ಫಿಯಾ ತನಗೆ ಗೊತ್ತಿದ್ದ ದಾರಿಯನ್ನೇ ಹಿಡಿದಳು. ಬೇಸಿಗೆಯಲ್ಲಿ ಬಂಡೆ ಸಂದಿಯ ಗಿಡಗಳಿಂದ ಬಲಿತ ಕಾಯಿ ತಂದು, ಬೀಜ ಬಿಡಿಸಿ, ಹುರುಳಿಕಾಯಿ ಬೀಜದ ಹಾಗೆಯೇ ಕಿಟಕಿಯಲ್ಲಿಟ್ಟು ಒಣಗಿಸಿ, ಡಬ್ಬಿಯಲ್ಲಿ ತುಂಬಿಟ್ಟಳು. ಮರು ವಸಂತ ಬಿತ್ತಿದಳು. ಕಳೆ ಬಂತು, ಇನ್ನೇನೂ ಬರಲಿಲ್ಲ. ಬೇಸಿಗೆ ಪೂರ್ತಿ ನೀರು ಹಾಕಿದಳು, ಕಳೆ ಇನ್ನಷ್ಟು ಸೊಂಪಾಗಿ ಬಂತು.

"ಬೆಳೆ ಚೆನ್ನಾಗಿದೆ," ಎಂದು ಕೆಜಾಯ ಬೇಲಿಯಾಚೆಯಿಂದ ಹೊಗಳಿದಳು.

ಅದೇ ಜುಲೈನಲ್ಲಿ ಡೆಲ್ಫಿಯಾ ಮತ್ತೆ ಕಾಯಿ ತರಲು ಹೋದಾಗ ಒಂದು ಕಾಯಿ ತಾನಾಗಿಯೇ ಬಿರಿದು, ಬೀಜಗಳು ಬಂಡೆಯ ಮೇಲೆ ಉದುರಿದ್ದವು. ಪ್ರತಿ ಬೀಜಕ್ಕೂ ಒಂದು ಬದಿಯಲ್ಲಿ ಬೆಣ್ಣೆಯಂಥ ಬಿಳಿ ಕುಚ್ಚು. ಅವಳು ಹೆಕ್ಕಲು ಬಗ್ಗುವಷ್ಟರಲ್ಲಿ ಇರುವೆಗಳು ಬಂದವು. ಒಂದೊಂದು ಇರುವೆ ಆ ಕುಚ್ಚನ್ನೇ ಹಿಡಿಯಾಗಿ ಕಚ್ಚಿ, ತನಗಿಂತ ದಪ್ಪದ ಬೀಜವನ್ನು ಎಳೆದುಕೊಂಡು ಹೊರಟಿತು. ಡೆಲ್ಫಿಯಾ ಹಿಂದೆಯೇ ಮೊಣಕಾಲಲ್ಲಿ ತೆವಳಿಕೊಂಡು ಹೋದಳು. ಕೊಳೆತ ಮರದ ಬುಡದಲ್ಲಿ ಇರುವೆಗೂಡು. ಗೂಡಿನ ಪಕ್ಕ ಇರುವೆಗಳು ಕಸ ಎಸೆಯುವ ಮೆತ್ತನೆಯ ಗುಪ್ಪೆ. ಕುಚ್ಚು ತಿಂದು ಮುಗಿಸಿದ ಮೇಲೆ ಬೀಜವನ್ನು ಅಲ್ಲಿಗೆ ಸಾಗಿಸುತ್ತಿದ್ದವು. ಆ ಗುಪ್ಪೆಯ ಮೇಲೆ ಮೂರೆಲೆಯ ಮರಿಗಳು ಒತ್ತೊತ್ತಾಗಿ ಎದ್ದಿದ್ದವು.

ಅವಳು ಅಲ್ಲೇ ಕುಳಿತು ತಲೆ ಚಚ್ಚಿಕೊಂಡಳು. ಇರುವೆ ಯಾವ ಕಿಟಕಿಯಲ್ಲಿಟ್ಟು ಬೀಜ ಒಣಗಿಸುತ್ತದೆ? ಉದುರಿದ ದಿನವೇ ತೇವದ ಮಣ್ಣಿಗೆ ಹೋಗಬೇಕಾದ ಬೀಜ ಅದು. ಒಣಗಿದರೆ ಸತ್ತ ಹಾಗೆ.

ಈ ಸಲ ಗಂಡ ಹಾಯ್ಟ್ ಮರ ಕೊಯ್ಯುವ ಮಿಲ್ಲಿನಿಂದ ತುಂಡು ಹಲಗೆ ತಂದು, ಮನೆ ಹಿಂದಿನ ದೊಡ್ಡ ಮರಗಳ ನೆರಳಲ್ಲಿ ಎತ್ತರದ ಪಾತಿ ಕಟ್ಟಿಕೊಟ್ಟ. ಹಾಯ್ಟ್ ಮಾತು ಕಡಿಮೆಯ ಮನುಷ್ಯ. "ಶವಪೆಟ್ಟಿಗೆ ಅಳತೆಗೆ ಬಂತು ನೋಡು," ಎಂದಷ್ಟೇ ಹೇಳಿ ಸುತ್ತಿಗೆ ಒಳಗಿಟ್ಟ. ಡೆಲ್ಫಿಯಾ ಕಾಡಿನ ಎಲೆಗೊಬ್ಬರ, ಹೊಳೆಯ ಮರಳು ಬೆರೆಸಿ ತುಂಬಿದಳು. ಕಾಯಿ ಬಿಡಿಸಿದ ಗಂಟೆಯೊಳಗೆ ಬೀಜ ಮಣ್ಣಿಗಿಟ್ಟಳು. ಇಲಿ ಅಳಿಲುಗಳು ಕೆದಕದಂತೆ ಮೇಲೆ ತಂತಿ ಬಲೆ ಹೊದಿಸಿದಳು.

ವಸಂತ ಬಂತು. ಪಾತಿಯ ಇನ್ನೊಂದು ತುದಿಯಲ್ಲಿ ಹಾಕಿದ್ದ ನೆತ್ತರುಬೇರು ಪುಟ್ಟ ಪುಟ್ಟ ಎಲೆ ತೋರಿಸಿತು. ಮೂರೆಲೆಯ ಕಡೆ ಮಾತ್ರ ಬರಿ ಮಣ್ಣು. ಏಪ್ರಿಲ್ ಹೋಯಿತು, ಮೇ ಅರ್ಧ ಹೋಯಿತು.

"ಅಷ್ಟು ಒಳ್ಳೆ ಮಣ್ಣು ಸುಮ್ನೆ ಬಿದ್ದಿದೆ. ಸೊಪ್ಪಾದ್ರೂ ಹಾಕೇ," ಎಂದಳು ಕೆಜಾಯ. ಒಂದು ಸಲವಲ್ಲ, ದಿನಾ.

ಕಡೆಗೊಂದು ದಿನ ಡೆಲ್ಫಿಯಾಗೂ ಸಿಟ್ಟು ಬಂತು. ಸಿಟ್ಟು ಅತ್ತೆಯ ಮೇಲೋ ಬೀಜದ ಮೇಲೋ ಅವಳಿಗೇ ತಿಳಿಯದು. ಬಲೆ ಕಿತ್ತೆಸೆದು ಗುದ್ದಲಿ ಹಾಕಿದಳು. ಎರಡನೆಯ ಏಟಿಗೆ ಮಗುಚಿದ ಹೆಂಟೆಯಲ್ಲಿ ಏನೋ ಬೆಳ್ಳಗೆ ಕಂಡಿತು. ಕೈಯಲ್ಲಿ ಒಡೆದು ನೋಡಿದಳು. ಬೀಜ. ಬೀಜದ ತುದಿಯಿಂದ ನೂಲಿನಂತೆ ಒಂದು ಬೇರು. ಪಕ್ಕದ ಬೀಜಕ್ಕೂ ಬೇರು. ಅದರ ಪಕ್ಕದ್ದಕ್ಕೂ.

"ಅತ್ತೇ! ಬನ್ನಿ ಇಲ್ಲಿ! ಓಡಿ ಬನ್ನಿ!"

ಹಾವು ಕಚ್ಚಿತೇನೋ ಎಂದು ಕೆಜಾಯ ಒಲೆ ಕೆದಕುವ ಕೋಲು ಹಿಡಿದೇ ಓಡಿ ಬಂದಳು. ಡೆಲ್ಫಿಯಾ ಅಂಗೈ ಮುಂದೆ ಚಾಚಿದಳು. "ನೋಡಿ. ಬದುಕಿವೆ. ಎಲ್ಲಾ ಬದುಕಿವೆ. ಈ ವರ್ಷ ಕೆಳಗೆ ಹೋಗಿವೆ, ಮೇಲೆ ಬರೋದು ಮುಂದಿನ ವರ್ಷ!"

ಕೆಜಾಯ ಕಣ್ಣು ಕಿರಿದು ಮಾಡಿ ನೋಡಿದಳು. "ಎರಡು ಚಳಿಗಾಲ ಮಲಗೋ ಬೀಜವಾ? ನನ್ನ ಮಾವನೂ ಇಷ್ಟು ಸೋಮಾರಿ ಇರ್ಲಿಲ್ಲ." ಹಾಗೆಂದರೂ, ಡೆಲ್ಫಿಯಾ ಒಡೆದ ಹೆಂಟೆಗಳನ್ನು ಮತ್ತೆ ಜೋಡಿಸಿ ಒತ್ತುವಾಗ ಆಚೆ ತುದಿ ಹಿಡಿದವಳು ಕೆಜಾಯಳೇ. ಸೊಪ್ಪಿನ ಮಾತು ಅಂದಿಗೆ ನಿಂತಿತು.

ಮರು ವಸಂತ ಮೇಲೆದ್ದದ್ದು ಹುಲ್ಲಿನೆಸಳಿನಂಥ ಒಂದೊಂದೇ ಎಳೆ. ಅದರ ಮರು ವರ್ಷ ಒಂದೊಂದು ಅಗಲ ಎಲೆ. ಪ್ರತಿ ಬೇಸಿಗೆಯಲ್ಲೂ ಡೆಲ್ಫಿಯಾ ಹೊಸ ಪಾತಿ ಬಿತ್ತುತ್ತ ಹೋದಳು, ಹೀಗಾಗಿ ಮನೆ ಹಿಂದೆ ಸಾಲಾಗಿ ಎಳೆ ಪಾತಿ, ಒಂಟಿ ಎಲೆ ಪಾತಿ, ಬರಿ ಮಣ್ಣಿನ ಪಾತಿ ಬೆಳೆದವು. ಈ ನಡುವೆ ಅವಳಿಗೆ ಮಗಳೊಬ್ಬಳು ಹುಟ್ಟಿದಳು. ಮೂರೆಲೆಗೆ ಮೂರು ಎಲೆ ಮೂಡುವ ಮೊದಲೇ ಮಗು ಓಡಾಡತೊಡಗಿತು. "ಮಗುಗೆ ಹಲ್ಲು ಬಂತು, ನಿನ್ನ ಹೂವಿಗೆ ಇನ್ನೂ ಒಸಡು," ಎಂದು ಕೆಜಾಯ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಮಣ್ಣಿನಲ್ಲಿ ಬೇರು ಕಂಡ ವರ್ಷವೇ ಗಡ್ಡೆ ಕೀಳುವುದನ್ನು ಡೆಲ್ಫಿಯಾ ಪೂರ್ತಿ ನಿಲ್ಲಿಸಿದ್ದಳು. ಅದನ್ನು ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. ಹಾಯ್ಟ್ ಮೆಕ್ಕೆಜೋಳದ ರೊಟ್ಟಿ ಮುರಿದು ಹಾಲಿಗೆ ಹಾಕಿಕೊಂಡು, "ಮಿಲ್ ಇದೆ, ಹಂದಿ ಇದೆ, ಹುರುಳಿಕಾಯಿ ಇದೆ. ನಡಿಯುತ್ತೆ," ಎಂದ. ಅವನ ತಮ್ಮ ವರ್ಲಾನ್‌ಗೆ ಮಾತ್ರ ತಡೆಯಲಾಗಲಿಲ್ಲ. ವರ್ಲಾನ್ ಮದುವೆಯಾಗದವನು, ಒಂದು ಕೆಲಸದಲ್ಲಿ ನಿಲ್ಲದವನು, ಕೊಳ್ಳದ ತುದಿಯ ಗುಡಿಸಲಲ್ಲಿದ್ದು ಊಟದ ಹೊತ್ತಿಗೆ ತಪ್ಪದೆ ಬರುವವನು.

"ಅಲ್ಲ ಅತ್ತಿಗೆ, ಕಾಡಲ್ಲಿ ಪುಕ್ಕಟೆ ಇರೋದನ್ನ ವರ್ಷಗಟ್ಲೆ ಬೆಳೀತೀನಿ ಅಂತೀಯಲ್ಲ. ನಾಳೆ ಗಾಳೀನೂ ಬಿತ್ತುತೀಯಾ?"

"ನಿನ್ನ ಬಾಯಿಂದ ಬರೋದು ಸಾಲದಾ ವರ್ಲಾನ್?"

ಊರಿನ ಬಾಯಿಗೂ ಒಳ್ಳೆಯ ಮೇವೇ ಸಿಕ್ಕಿತ್ತು. ಕಾಯಿ ಬಿರಿದರೆ ಇರುವೆ ಹೊತ್ತೊಯ್ಯುತ್ತದೆ, ಬಿರಿಯುವ ಮೊದಲೇ ಕಿತ್ತರೆ ಬೀಜ ಎಳಸು. ಅದಕ್ಕೆ ಡೆಲ್ಫಿಯಾ ಹಳೆಯ ಕಾಲುಚೀಲಗಳನ್ನು, ಹೆಂಗಸರು ಚರ್ಚಿಗೆ ಹಾಕಿಕೊಂಡು ಹೋಗುವ ತೆಳ್ಳನೆಯ ನೈಲಾನಿನವನ್ನು, ತುಂಡು ಮಾಡಿ ಕಾಯಿಗೊಂದರಂತೆ ಕಟ್ಟಿದಳು. ಮರುದಿನವೇ, ಡೆಲ್ಫಿಯಾ ಹೂವಿಗೆ ಕಾಲುಚೀಲ ತೊಡಿಸಿದ್ದಾಳೆ, ಇನ್ನು ಲಿಪ್‌ಸ್ಟಿಕ್ ಯಾವಾಗ ಎಂಬ ಮಾತು ಹುಟ್ಟಿತು. ಅವಳು ಕೋಪಿಸಿಕೊಳ್ಳಲಿಲ್ಲ. ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು, "ಹರಿದ ಕಾಲುಚೀಲ ಇದ್ರೆ ಎಸೀಬೇಡಿ, ನಂಗೆ ಕೊಡಿ," ಎಂದಳು. ಮುಂದಿನ ವಾರ ಒಂದು ಬುಟ್ಟಿ ತುಂಬ ಬಂತು.

ಚಿಪ್ಪಿಲ್ಲದ ಬಸವನಹುಳುಗಳದೇ ದೊಡ್ಡ ಕಾಟ. ಎಳೆ ಎಲೆ ರಾತ್ರಿ ಇದ್ದದ್ದು ಬೆಳಿಗ್ಗೆ ಇರುತ್ತಿರಲಿಲ್ಲ. ಮೊಟ್ಟೆಚಿಪ್ಪಿನ ಚೂಪು ತಗುಲಿದರೆ ಹುಳು ಬರುವುದಿಲ್ಲ ಎಂದು ಯಾರೋ ಹೇಳಿದ್ದಕ್ಕೆ ಮನೆಯ ಮೊಟ್ಟೆಚಿಪ್ಪನ್ನೆಲ್ಲ ಜಜ್ಜಿ ವರ್ಷವರ್ಷವೂ ಪಾತಿಗೆ ಸುರಿದಳು. ಹುಳುಗಳು ಅದರ ಮೇಲೆಯೇ ಆರಾಮಾಗಿ ಹರಿದು ಬಂದವು. ಬಿಯರ್ ಇಟ್ಟರೆ ಅದರಲ್ಲಿ ಬಿದ್ದು ಸಾಯುತ್ತವೆ ಎಂದು ಹಾಯ್ಟ್ ಮಿಲ್ಲಿನಲ್ಲಿ ಕೇಳಿ ಬಂದ. ಹೆಂಡ ಮುಟ್ಟದ ಬ್ಯಾಪ್ಟಿಸ್ಟ್ ಪಂಥದವರ ಮನೆ, ಹೆಂಡದ ಅಂಗಡಿಯೇ ಇಲ್ಲದ ಸೀಮೆ. ಹಾಯ್ಟ್ ಪಕ್ಕದ ಸೀಮೆಗೆ ಹೋಗಿ, ಕೋಳಿಯಾಹಾರದ ಚೀಲದಡಿಯಲ್ಲಿ ಬಚ್ಚಿಟ್ಟು ಬಾಟಲಿಗಳನ್ನು ತಂದ. ಕೆಜಾಯ ಎರಡು ದಿನ ಮಗನೊಡನೆ ಮಾತು ಬಿಟ್ಟಳು. ಮೂರನೆಯ ದಿನ ತಟ್ಟೆಯಲ್ಲಿ ಸತ್ತು ತೇಲುತ್ತಿದ್ದ ಹುಳುಗಳನ್ನು ನೋಡಿ, "ಪಾದ್ರಿ ಇಷ್ಟು ದಿನ ಹೇಳಿದ್ದು ನಿಜ ಕಣೆ. ಹೆಂಡ ಮುಟ್ಟಿದವರ ಗತಿ ಇದೇ," ಎಂದಳು.

ಮೊದಲು ಅರಳಿದ್ದು ನೆತ್ತರುಬೇರು. ಒಂದೇ ಎಲೆಯನ್ನು ಶಾಲಿನಂತೆ ಸುತ್ತಿಕೊಂಡು ಮೇಲೆದ್ದ ಬಿಳಿ ಮೊಗ್ಗುಗಳು ಒಂದು ಬಿಸಿಲಿನ ಬೆಳಿಗ್ಗೆ ಒಟ್ಟಿಗೆ ಬಾಯಿ ಬಿಟ್ಟವು. ಡೆಲ್ಫಿಯಾ ಯಾರನ್ನೂ ಕರೆಯಲಿಲ್ಲ. ತಾನೇ ನೋಡಿ, ತನ್ನ ಲೆಕ್ಕ ತಪ್ಪಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡು ಹಾಲು ಕರೆಯಲು ಹೋದಳು. ಇದು ಅರಳಿತೆಂದರೆ ಅದೂ ಅರಳುತ್ತದೆ. ಕಾಯುವುದೊಂದೇ ಬಾಕಿ, ಕಾಯುವುದು ಅವಳಿಗೆ ಈಗ ಕಷ್ಟದ ಕೆಲಸವಾಗಿ ಉಳಿದಿರಲಿಲ್ಲ.

ಏಳನೆಯ ವಸಂತದಲ್ಲಿ ಹಳೆಯ ಪಾತಿಯ ಮೂರೆಲೆಗೆ ಮೊಗ್ಗು ಬಂತು. ಒಂದೆರಡಲ್ಲ, ಪಾತಿ ತುಂಬ. ಈಸ್ಟರ್ ಭಾನುವಾರದ ಹೊತ್ತಿಗೆ ಮೊಗ್ಗುಗಳ ತುದಿ ಬೆಳ್ಳಗಾಗಿತ್ತು. ಅಂದು ಡೆಲ್ಫಿಯಾ, ಹಾಯ್ಟ್, ಮಗಳು ಚರ್ಚಿಗೆ ಹೋದರು. ಮಂಡಿ ನೋವೆಂದು ಕೆಜಾಯ ಮನೆಯಲ್ಲೇ ಉಳಿದಳು. ಅವರು ಹಿಂದಿರುಗಿ ಬಂದಾಗ ಡೆಲ್ಫಿಯಾ ಹ್ಯಾಟು ಕೂಡ ತೆಗೆಯದೆ ಹಿತ್ತಲಿಗೆ ಹೋದಳು.

ಅರ್ಧ ಪಾತಿ ಖಾಲಿ. ಬಲೆ ಪಕ್ಕಕ್ಕೆ ಸುತ್ತಿಟ್ಟಿದೆ. ಗುಂಡಿ, ಗುಂಡಿಯ ಪಕ್ಕ ಗುಂಡಿ. ಕೈ ಪಳಗಿದವರ ಕೆಲಸ. ಒಂದು ಗಡ್ಡೆಯೂ ತುಂಡಾಗಿ ಉಳಿದಿರಲಿಲ್ಲ.

ಅವಳು ಅಡುಗೆಮನೆಗೆ ಬಂದಳು. ಕೆಜಾಯ ಬೆನ್ನು ತಿರುಗಿಸಿಕೊಂಡು ಹ್ಯಾಮ್ ಕತ್ತರಿಸುತ್ತಿದ್ದಳು.

"ಯಾರು ಬಂದಿದ್ರು ಅತ್ತೆ?"

ಕತ್ತಿ ಒಂದು ಕ್ಷಣ ನಿಂತು ಮತ್ತೆ ಆಡಿತು. "ವರ್ಲಾನ್."

"ನೀವು ಏನೂ ಅನ್ಲಿಲ್ವಾ?"

"ಅತ್ತಿಗೆನೇ ಹೇಳಿದಾಳೆ ಅಂದ."

"ನಂಬಿದ್ರಾ?"

ಕೆಜಾಯ ಕತ್ತಿ ಕೆಳಗಿಟ್ಟಳು. ತಿರುಗಿ ಸೊಸೆಯ ಮುಖ ನೋಡಿದಳು. "ಇಲ್ಲ. ನಂಬ್ಲಿಲ್ಲ. ಬಾಗಿಲಲ್ಲಿ ನಿಂತ್ಕೊಂಡು ನೋಡ್ದೆ. ಅವನು ನನ್ನ ಮಗ ಕಣೆ, ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

ಡೆಲ್ಫಿಯಾ ಹ್ಯಾಟು ತೆಗೆದು ಗೂಟಕ್ಕೆ ಹಾಕಿದಳು, ಏಪ್ರನ್ ಕಟ್ಟಿದಳು, ಆಲೂಗೆಡ್ಡೆ ಸುಲಿಯಲು ಕುಳಿತಳು. ಹಬ್ಬದೂಟ ಮುಗಿಯಿತು. ವರ್ಲಾನ್ ಅಂದು ಊಟಕ್ಕೆ ಬರಲಿಲ್ಲ. ಹಾಯ್ಟ್ ತಮ್ಮನ ಗುಡಿಸಲಿಗೆ ಹೋಗುತ್ತೇನೆಂದು ಎದ್ದಾಗ ಡೆಲ್ಫಿಯಾ, "ಕೂತ್ಕೊಳ್ಳಿ. ನಾಳೆ ಸೋಮವಾರ. ಲಾರಿ ಎಲ್ಲಿಗೆ ಬರುತ್ತೆ ಅಂತ ನಂಗೆ ಗೊತ್ತು," ಎಂದಳು.

ಬೆಳಿಗ್ಗೆ ಅವಳು ಬಟ್ಟೆ ಒಗೆಯುವ ದೊಡ್ಡ ತಗಡಿನ ತೊಟ್ಟಿ ಸೊಂಟಕ್ಕಿಟ್ಟುಕೊಂಡು ಸೇತುವೆಯ ಕಡೆ ನಡೆದಳು. ಲಾರಿ ಆಗಲೇ ಬಂದಿತ್ತು. ಕೊಳ್ಳದ ಹತ್ತು ಹದಿನೈದು ಜನ ಚೀಲ ಹಿಡಿದು ನಿಂತಿದ್ದರು. ಟೀಗ್ ಲಾರಿಯ ಹಿಂಬದಿಯಲ್ಲಿ ನಿಂತು ಚೀಲ ಎತ್ತಿಕೊಳ್ಳುತ್ತಿದ್ದ. ವರ್ಲಾನನ ಎರಡು ಚೀಲ ಆಗಲೇ ಲಾರಿ ಏರಿ ಟೀಗನ ಕಾಲ ಬಳಿ ಇದ್ದವು.

"ಟೀಗ್ ಅವ್ರೆ, ಆ ಎರಡು ಚೀಲ ಇಳ್ಸಿ. ಅವು ನನ್ನವು."

ಎಲ್ಲರೂ ತಿರುಗಿ ನೋಡಿದರು. ವರ್ಲಾನ್ ಹ್ಯಾಟು ಹಿಂದಕ್ಕೆ ತಳ್ಳಿ ನಕ್ಕ. "ಕಾಡು ಹೂವಿಗೆ ಯಾರ ಹೆಸ್ರು ಬರ್ದಿರುತ್ತೆ ಅತ್ತಿಗೆ? ಗುಡ್ಡದ ಆಚೆ ಮಗ್ಗುಲಿಂದ ಕಿತ್ತಿದ್ದು ಇದು. ಬೆವರು ಸುರ್ಸಿ ತಂದಿದೀನಿ."

"ಹೌದಾ? ಗುಡ್ಡದ ಆಚೆನಾ?"

"ಆಣೆ."

ಡೆಲ್ಫಿಯಾ ತೊಟ್ಟಿ ಕೆಳಗಿಟ್ಟು, ಉದ್ದ ಉಡುಪಿನ ಅಂಚು ಒಂದು ಕೈಯಲ್ಲಿ ಎತ್ತಿ ಹಿಡಿದು, ಲಾರಿಯ ಮೇಲೆ ಹತ್ತಿದಳು. ಟೀಗ್ ಬೇಡವೆನ್ನುವ ಮೊದಲೇ ಚೀಲದ ಬಾಯಿ ಬಿಚ್ಚಿ ಹಲಗೆಯ ಮೇಲೆ ಸುರಿದಳು. ಒಂದು ಗಿಡ ಎತ್ತಿ ಬೇರನ್ನು ಜನರ ಕಡೆ ಹಿಡಿದಳು. ಕಪ್ಪು ಮಣ್ಣು ಅಂಟಿದ ಬೇರುಗಳ ನಡುವೆ ಬಿಳಿ, ಕಂದು ಬಣ್ಣದ ಚೂರುಚೂರು.

"ಇದೇನು ಹೇಳು ವರ್ಲಾನ್?"

ವರ್ಲಾನ್ ಕತ್ತು ಚಾಚಿ ನೋಡಿದ.

"ಮೊಟ್ಟೆಚಿಪ್ಪು. ಇಲ್ಲೂ ಇದೆ ನೋಡು. ಇದ್ರಲ್ಲೂ ಇದೆ. ಗುಡ್ಡದ ಆಚೆ ಮಗ್ಗುಲಲ್ಲಿ ಯಾವ ಕೋಳಿ ಬಂದು ಇಷ್ಟು ಮೊಟ್ಟೆ ಇಟ್ಟು, ಜಜ್ಜಿ, ಮಣ್ಣಿಗೆ ಬೆರೆಸಿ ಹೋಯ್ತಪ್ಪಾ?"

ಮೊದಲು ನಕ್ಕದ್ದು ಅಂಗಡಿಯವನು. ಆಮೇಲೆ ಇಡೀ ಗುಂಪೇ ನಕ್ಕಿತು. ಹಿಂದಿನಿಂದ ಯಾರೋ, "ಕೋಳಿಗೂ ಬೆವರು ಬಂದಿರ್ಬೇಕು ವರ್ಲಾನ್!" ಎಂದರು. ವರ್ಲಾನನ ಕಿವಿ ಕೆಂಪಾಯಿತು. ಅವನು ಹ್ಯಾಟನ್ನು ಮುಂದಕ್ಕೆ ಎಳೆದುಕೊಂಡು ನೆಲ ನೋಡಿದ.

ಟೀಗ್ ಮಾತ್ರ ನಗಲಿಲ್ಲ. ಅವನು ಒಂದು ಗಿಡ ಎತ್ತಿ ತಿರುಗಿಸಿ ನೋಡುತ್ತಿದ್ದ. ಬೇರು ಪೂರ್ತಿ ಇತ್ತು, ಗಡ್ಡೆ ದುಂಡಗಿತ್ತು, ಎಲ್ಲವೂ ಒಂದೇ ಅಳತೆ. "ಕಾಡಿಂದ ಕಿತ್ತದ್ದು ಅರ್ಧಕ್ಕರ್ಧ ದಾರೀಲೇ ಸಾಯುತ್ತೆ," ಎಂದ. "ಇದನ್ನ ನೀನು ಬೀಜದಿಂದ ಬೆಳೆಸಿದ್ದಾ ತಾಯಿ? ನಿಜವಾಗ್ಲೂ? ನಂಗೆ ಕೊಡು. ಇವನಿಗೆ ಕೊಡೋದಕ್ಕಿಂತ ಎರಡು ಪಟ್ಟು ಕೊಡ್ತೀನಿ."

ವರ್ಷಗಳಿಂದ ಯಾರೂ ಕೇಳದಿದ್ದ ಮಾತು ಅದು. ಡೆಲ್ಫಿಯಾಗೆ ಒಳಗೆ ಹಿತವಾಯಿತು. ಆದರೂ ತಲೆಯಾಡಿಸಿದಳು. "ಈ ವರ್ಷ ಇಲ್ಲ. ಇವು ನಂಗೆ ಬೀಜಕ್ಕೆ ಬೇಕು. ಕೊಡೋ ಕಾಲ ಬಂದಾಗ ಹೇಳಿ ಕಳಿಸ್ತೀನಿ, ನೀವೇ ಮನೆ ಹತ್ರ ಬನ್ನಿ." ಗಿಡಗಳನ್ನು ಒಂದೊಂದಾಗಿ ತೊಟ್ಟಿಯಲ್ಲಿ ಜೋಡಿಸಿ, ಒದ್ದೆ ಗೋಣಿ ಹೊದಿಸಿ, ಕೆಳಗಿಳಿದಳು. ತೊಟ್ಟಿಯನ್ನು ಎತ್ತಲಿಲ್ಲ. ವರ್ಲಾನ್ ಕಡೆ ತಿರುಗಿ, "ಹೂಂ, ಎತ್ತು," ಎಂದಳು.

"ನಾನಾ?"

"ತಂದವನು ನೀನು. ವಾಪಸ್ ಹೊತ್ಕೊಂಡು ಹೋಗೋನೂ ನೀನೇ. ನಡಿ, ಬಿಸಿಲೇರುತ್ತೆ."

ಅಷ್ಟು ಜನರ ಎದುರು ಅವನಿಗೆ ಬೇರೆ ದಾರಿ ಇರಲಿಲ್ಲ. ತೊಟ್ಟಿ ಹೆಗಲಿಗೇರಿಸಿಕೊಂಡು ಮುಂದೆ ಅವನು, ಹಿಂದೆ ಕೈಬೀಸಿಕೊಂಡು ಅವಳು, ಕೊಳ್ಳದ ದಾರಿ ಹಿಡಿದರು. ದಾರಿಯುದ್ದಕ್ಕೂ ಜಗಲಿಯಲ್ಲಿ ಕೂತವರೆಲ್ಲ ನೋಡಿದರು.

ಹಿತ್ತಲಲ್ಲಿ ಡೆಲ್ಫಿಯಾ ಬಕೆಟ್ಟು ಮಗುಚಿ ಹಾಕಿ ಕುಳಿತಳು. ವರ್ಲಾನ್ ಮಣ್ಣಿನಲ್ಲಿ ಮೊಣಕಾಲೂರಿದ.

"ಅಷ್ಟು ಆಳ ಬೇಡ. ಮೊಗ್ಗಿನ ತುದಿ ಮೇಲಕ್ಕೆ ಬರ್ಲಿ. ಬೇರನ್ನ ಮಡಿಚಬೇಡ, ಹರಡು. ಹಾಗಲ್ಲ, ಮಗೂನ ಮಲಗಿಸ್ತಾರಲ್ಲ, ಹಾಗೆ."

"ನಂಗೆ ಮಗು ಎಲ್ಲಿದೆ ಅತ್ತಿಗೆ ಮಲಗ್ಸೋಕೆ?"

"ಈಗ ಕಲ್ತಿರು. ಮುಂದೆ ಬೇಕಾಗುತ್ತೆ."

ಮಧ್ಯಾಹ್ನದ ಹೊತ್ತಿಗೆ ಅವನ ಗೊಣಗಾಟ ನಿಂತಿತು. ಕಿತ್ತು ಪಳಗಿದ ಕೈ ನೆಡುವುದಕ್ಕೂ ಪಳಗಿತು. ಒಂದು ಗಿಡದ ಬೇರು ಹರಡುತ್ತಿದ್ದವನು ತಲೆ ಎತ್ತದೆಯೇ ಕೇಳಿದ: "ಇದು ನಿಜವಾಗ್ಲೂ ಆ ಸಾಸಿವೆಗಿಂತ ಸ್ವಲ್ಪ ದಪ್ಪದ ಬೀಜದಿಂದ ಬಂದಿದ್ದಾ?"

"ನೀನು ಗಾಳಿ ಬಿತ್ತು ಅಂದ ವರ್ಷ ಅದು ಮಣ್ಣೊಳಗೆ ಬೇರು ಬಿಡ್ತಿತ್ತು."

ಕೆಜಾಯ ಹುರುಳಿಕಾಯಿ ಬೇಯಿಸಿದ್ದನ್ನೂ ರೊಟ್ಟಿಯನ್ನೂ ಎರಡು ತಟ್ಟೆಯಲ್ಲಿ ತಂದಳು. ಮೊದಲು ಸೊಸೆಗೆ ಕೊಟ್ಟಳು. ಮಗನ ತಟ್ಟೆಯನ್ನು ಪಾತಿಯ ಹಲಗೆಯ ಮೇಲೆ ಕುಕ್ಕಿ, "ಕೈ ತೊಳ್ಕೊಂಡು ತಿನ್ನು. ತಿಂದಾದ್ಮೇಲೆ ಆ ಬಲೆ ಸರಿಯಾಗಿ ಹೊದ್ಸು. ಇನ್ನೊಂದ್ಸಲ ಬಲೆಗೆ ಕೈ ಹಾಕಿದ್ರೆ ನಾನೇ ಕೂಗ್ತೀನಿ, ಕೊಳ್ಳದ ತುದಿವರೆಗೂ ಕೇಳೋ ಹಾಗೆ," ಎಂದಳು. ಡೆಲ್ಫಿಯಾ ಬಕೆಟ್ಟಿನ ಮೇಲಿಂದ ಎದ್ದು, ಅತ್ತೆಯನ್ನು ಕೂರಿಸಿ, ತಾನು ನಿಂತೇ ಉಂಡಳು. ಆ ವಿಷಯದಲ್ಲಿ ಅವರಿಬ್ಬರ ನಡುವೆ ಮತ್ತೆ ಮಾತು ಬರಲಿಲ್ಲ.

ಆ ವರ್ಷ ಮೊಗ್ಗುಗಳಲ್ಲಿ ಕೆಲವು ಸೊರಗಿದವು. ಉಳಿದವು ವಾರ ತಡವಾಗಿಯಾದರೂ ಅರಳಿದವು. ಜೂನ್ ಕಳೆದು ಕಾಯಿ ಬಲಿತಾಗ ಕೆಜಾಯಳೇ ಜಗಲಿಯಲ್ಲಿ ಕುಳಿತು ಮಡಿಲಲ್ಲಿ ಕಾಯಿ ಹಾಕಿಕೊಂಡು ಬೀಜ ಹಿಂಡಿದಳು. ಮಂಡಿಗೆ ಬೇಡವಾದ ಕೆಲಸ, ಬೆರಳಿಗೆ ಸರಿಯಾದ ಕೆಲಸ ಎಂದಳು.

ಅಲ್ಲಿಂದ ಮುಂದೆ ಕೆಲಸ ತಾನಾಗಿ ಹಿಗ್ಗಿತು. ಪ್ರತಿ ವರ್ಷ ಒಂದು ಪಾತಿ ಹೂವಿಗೆ ಬರತೊಡಗಿದ್ದರಿಂದ ಮಾರಲೂ ಗಿಡವಿತ್ತು, ಬೀಜಕ್ಕೂ ಗಿಡವಿತ್ತು. ಹೇಳಿ ಕಳಿಸಿದಾಗ ಟೀಗ್ ಮನೆಯ ಹತ್ತಿರವೇ ಬಂದ. ಕಾಡಿನ ಸರಕಿನ ಜೊತೆ ತನ್ನದನ್ನು ಬೆರೆಸಕೂಡದು, ಬೀಜದಿಂದ ಬೆಳೆದದ್ದು ಎಂದು ಹೇಳಿಯೇ ಮಾರಬೇಕು ಎಂಬ ಕರಾರಿಗೆ ಅವನು ಒಂದಿಷ್ಟು ಗೊಣಗಿ ಒಪ್ಪಿದ. ಎರಡು ವರ್ಷ ಕಳೆಯುವಷ್ಟರಲ್ಲಿ ಪಟ್ಟಣದವರು ಅದನ್ನೇ ಕೇಳತೊಡಗಿದ್ದಾರೆಂದು ಅವನೇ ಬಂದು ಹೇಳಿದ. ಕೊಳ್ಳದ ಇನ್ನಿಬ್ಬರು ಹೆಂಗಸರು ಬೀಜ ಕೇಳಿಕೊಂಡು ಬಂದರು. ಡೆಲ್ಫಿಯಾ ಬೀಜ ಕೊಟ್ಟಳು. ಎರಡು ಚಳಿಗಾಲ ಸುಮ್ಮನಿರಬೇಕು, ಗುದ್ದಲಿ ಹಾಕಬಾರದು ಎಂದು ಹೇಳಿಯೂ ಕೊಟ್ಟಳು. ಒಬ್ಬಳು ಸುಮ್ಮನಿದ್ದಳು, ಇನ್ನೊಬ್ಬಳು ಗುದ್ದಲಿ ಹಾಕಿ ಮತ್ತೆ ಓಡಿ ಬಂದಳು.

ವರ್ಲಾನ್ ಹಳೆಯ ಪಿಕಪ್ಪೊಂದನ್ನು ಎಲ್ಲಿಂದಲೋ ತಂದು ರಿಪೇರಿ ಮಾಡಿ, ಗಿಡ ಸಾಗಿಸುವ ಕೆಲಸಕ್ಕೆ ತಾನಾಗಿಯೇ ಬಂದು ನಿಂತ. ಅವನು ಅದುವರೆಗೆ ಮಾಡಿದ ಕೆಲಸಗಳಲ್ಲಿ ಬಿಡದೆ ಮಾಡಿದ್ದು ಇದೊಂದೇ. ಮೇ ತಿಂಗಳ ಶನಿವಾರಗಳಲ್ಲಿ ಅತ್ತಿಗೆ ಮೈದುನರು ತಾಲೂಕು ಪಟ್ಟಣಕ್ಕೆ ಹೋಗಿ ಕೋರ್ಟಿನ ಮುಂದಿನ ಹುಲ್ಲಿನ ಮೇಲೆ ಗಿಡ ಹರಡಿಕೊಂಡು ಕೂರುತ್ತಿದ್ದರು.

ಹಾಗೊಂದು ಶನಿವಾರ, ಬಿಳಿ ಕೈಗವಸು ಹಾಕಿದ್ದ ಹೆಂಗಸೊಬ್ಬಳು ಬಂದು, ಮೂರೆಲೆಯ ಆರು ಕುಂಡಗಳನ್ನು ಆರಿಸಿಟ್ಟು ಪರ್ಸು ತೆಗೆದಳು.

"ಎಲ್ಲಿ ನೆಡ್ತೀರಿ?" ಎಂದಳು ಡೆಲ್ಫಿಯಾ.

"ಮನೆ ಮುಂದೆ, ಅಂಚೆಪೆಟ್ಟಿಗೆ ಸುತ್ತ. ರಸ್ತೇಲಿ ಹೋಗೋರಿಗೆಲ್ಲ ಕಾಣ್ಬೇಕು."

"ನೆರಳಿದೆಯಾ ಅಲ್ಲಿ?"

"ಇಲ್ಲಪ್ಪ, ಒಳ್ಳೆ ಬಿಸಿಲು."

ಡೆಲ್ಫಿಯಾ ಆರೂ ಕುಂಡಗಳನ್ನು ತನ್ನ ಕಡೆಗೆ ಎಳೆದುಕೊಂಡಳು. "ಹಾಗಾದ್ರೆ ಕೊಡಲ್ಲ."

ವರ್ಲಾನ್ ಬಾಯಿ ಬಿಟ್ಟ. "ಅತ್ತಿಗೆ!"

"ದುಡ್ಡು ಕೊಡ್ತಿದೀನಲ್ಲಮ್ಮಾ?" ಎಂದಳು ಆ ಹೆಂಗಸು.

"ಕೊಡ್ತೀರಿ. ಜುಲೈ ಬಿಸಿಲಿಗೆ ಇದು ಸುಟ್ಟು ಹೋಗುತ್ತೆ. ಡೆಲ್ಫಿಯಾ ಕೊಟ್ಟ ಗಿಡ ಕೆಟ್ಟದ್ದು ಅಂತ ಆಮೇಲೆ ಊರೆಲ್ಲ ಹೇಳ್ತೀರಿ. ನಂಗೆ ದುಡ್ಡು ಎರಡು ದಿನದ್ದು, ಈ ಗಿಡ ಏಳು ವರ್ಷದ್ದು. ಮನೆ ಹತ್ರ ಎಲೆ ಉದುರೋ ಮರ ಯಾವ್ದೂ ಇಲ್ವಾ?"

ಹೆಂಗಸು ಯೋಚಿಸಿದಳು. "ಹಿತ್ತಲಲ್ಲಿ ಒಂದು ಹಳೇ ಓಕ್ ಇದೆ. ಅಲ್ಲಿಗೆ ಯಾರೂ ಹೋಗಲ್ಲ."

"ಇನ್ಮೇಲೆ ನೀವು ಹೋಗ್ತೀರಿ," ಎಂದು ಡೆಲ್ಫಿಯಾ ಕುಂಡಗಳನ್ನು ಮತ್ತೆ ಮುಂದೆ ತಳ್ಳಿದಳು. "ಓಕ್ ಕೆಳಗೆ ನೆಡಿ. ತರಗೆಲೆ ಗುಡಿಸಬೇಡಿ. ಬೇಸಿಗೇಲಿ ಎಲೆ ಒಣಗಿ ಮಾಯವಾದ್ರೆ ಸತ್ತೋಯ್ತು ಅಂತ ಕಿತ್ತು ನೋಡ್ಬೇಡಿ. ಇರುವೆ ಕಂಡ್ರೆ ಬಿಸಿನೀರು ಹಾಕ್ಬೇಡಿ."

ಹೆಂಗಸು ಒಂದೊಂದಕ್ಕೂ ತಲೆಯಾಡಿಸಿ, ಕೈಗವಸು ಬಿಚ್ಚಿ ಪರ್ಸಿನೊಳಗಿಟ್ಟು, ಕುಂಡಗಳನ್ನು ಬರಿಗೈಯಲ್ಲೇ ಎತ್ತಿಕೊಂಡಳು.

ಅವಳ ಕಾರಿನವರೆಗೆ ಉಳಿದ ಕುಂಡಗಳನ್ನು ಹೊತ್ತವನು ವರ್ಲಾನ್. ಡೆಲ್ಫಿಯಾ ಕುಳಿತಲ್ಲಿಂದಲೇ ಅವನ ಮಾತು ಕೇಳುತ್ತಿತ್ತು. "ಇದೇನು ಸುಮ್ನೆ ಆಗೋ ಕೆಲ್ಸ ಅಲ್ಲ ಮೇಡಂ. ಒಂದೊಂದು ಗಿಡಾನೂ ಈ ಕೈಯಲ್ಲೇ ನೆಟ್ಟಿದ್ದು. ಮಗು ಮಲಗ್ಸಿದ ಹಾಗೆ ಬೇರು ಹರಡ್ಬೇಕು. ನಮ್ಮ ಅತ್ತಿಗೆಗೆ ಶುರೂನಲ್ಲಿ ಎಷ್ಟು ಹೇಳಿಕೊಟ್ಟೆ ಅಂತೀರಿ..."

ಅವಳು ಮುಸಿಮುಸಿ ನಕ್ಕಳೇ ಹೊರತು ತಿದ್ದಲು ಹೋಗಲಿಲ್ಲ. ಅವನು ತಿರುಗಿ ಬಂದಾಗ ಮುಂದಿನ ಗಿರಾಕಿ ನಿಂತಿದ್ದ. ಸಂಜೆ ನಾಲ್ಕರ ಹೊತ್ತಿಗೆ ಹುಲ್ಲಿನ ಮೇಲೆ ಖಾಲಿ ಕುಂಡಗಳಷ್ಟೇ ಉಳಿದವು. ಅವನ್ನು ಒಂದರೊಳಗೊಂದು ಜೋಡಿಸಿ ಪಿಕಪ್ಪಿಗೆ ಹಾಕಿ, ಡೆಲ್ಫಿಯಾ ಮುಂದಿನ ಸೀಟಿನಲ್ಲಿ ಕುಳಿತು ಬೂಟಿನ ದಾರ ಸಡಿಲಿಸಿದಳು.

"ನಾಡಿದ್ದು ನೆತ್ತರುಬೇರಿನ ಕಾಯಿ ಬಲಿಯುತ್ತೆ ವರ್ಲಾನ್. ಬೆಳಿಗ್ಗೆ ಬೇಗ ಬಾ. ಬರ್ತಾ ಅಂಗಡೀಲಿ ಕೇಳು, ಹಳೇ ಕಾಲುಚೀಲ ಇದ್ರೆ ತಗೊಂಡ್ ಬಾ."

"ನಾನು ಕೇಳ್ಲಾ? ಅಂಗಡೀಲಿ? ಹೆಂಗಸರ ಕಾಲುಚೀಲಾನಾ?"

"ಹೌದು, ನೀನೇ. ಗಾಡಿ ಬಿಡು."